ಗಂಜಾಂನ ಹಳೇ ಚರ್ಚು, ಕಾವೇರಿ ದಂಡೆಯ ಸ್ಮಶಾನ: ಎರಡನ್ನೂ ಒಂದೇ ಕಥೆ ಮಾಡಬೇಡಿ

ಕಾವೇರಿ ದಂಡೆ

ಶ್ರೀರಂಗಪಟ್ಟಣಕ್ಕೆ ಬರುವವರು ರಂಗನಾಥನ ಗುಡಿ, ದರಿಯಾ ದೌಲತ್, ಗುಂಬಜ್, ನಿಮಿಷಾಂಬ, ಸಂಗಮ ನೋಡಿಕೊಂಡು ಹೋಗುತ್ತಾರೆ. ಇನ್ನೂ ಸ್ವಲ್ಪ ಆಸಕ್ತಿ ಇರುವವರು ಹೊಳೆ ಹತ್ತಿರ ಇರುವ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿ ಫೋಟೋ ತೆಗೆದು ಹಾಕುತ್ತಾರೆ. ಆ ಫೋಟೋಗಳ ಕೆಳಗೆ ಈಚೆಗೆ ಒಂದೇ ಮಾತು ಪದೇ ಪದೇ ಕಾಣಿಸುತ್ತಿದೆ. "ಇದು ಗಂಜಾಂ ಚರ್ಚಿಗೆ ಸೇರಿದ ಸ್ಮಶಾನ, ಇಲ್ಲಿನ ಕ್ರೈಸ್ತರ ಇತಿಹಾಸ 1799ರಿಂದ ಶುರು" ಅಂತ. ಎರಡೂ ಸರಿಯಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಸ್ಮಶಾನದ ವಿಷಯ. ಅದು ದಂಡಿನವರ ಸ್ಮಶಾನ. 1799ರ ಮೇ 4ರಂದು ಟಿಪ್ಪು ಸತ್ತು ಕೋಟೆ ಬಿದ್ದ ಮೇಲೆ ಕಂಪನಿ ಸರ್ಕಾರ ಇಲ್ಲಿ ಸೇನೆ ಇಟ್ಟಿತು. ಆ ಅಧಿಕಾರಿಗಳು, ಅವರ ಹೆಂಡತಿಯರು, ಮಕ್ಕಳು ಸತ್ತಾಗ ಹೂತ ಜಾಗ ಇದು. ಮುನ್ನೂರರಷ್ಟು ಸಮಾಧಿಗಳಿವೆ. 1800ರಿಂದ 1860ರ ದಶಕದವರೆಗಿನವು. ಅವುಗಳಲ್ಲಿ ಅಧಿಕಾರಿಗಳಿಗಿಂತ ಅವರ ಮನೆಯವರದ್ದೇ ಜಾಸ್ತಿ. ತುಂಬಾ ಸಮಾಧಿಗಳು ದ ಮ್ಯೂರೋನ್ ಎಂಬ ಸ್ವಿಸ್ ರೆಜಿಮೆಂಟಿನವರದ್ದು. ಇಂಗ್ಲಿಷರ ಯುದ್ಧದಲ್ಲಿ ಸ್ವಿಟ್ಜರ್ಲೆಂಡಿನವರು ಯಾಕೆ ಸತ್ತರು ಅನ್ನೋದೇ ಒಂದು ದೊಡ್ಡ ಕಥೆ, ಅದನ್ನು ಕೆಳಗೆ ಯಾರಾದರೂ ಕೇಳಿದರೆ ಹೇಳುತ್ತೇನೆ.

ಇನ್ನು ಚರ್ಚು. ಗಂಜಾಂನಲ್ಲಿರುವ ಅಮಲೋದ್ಭವ ಮಾತೆಯ ದೇವಾಲಯ. ಜನ ಅಬ್ಬೆ ದುಬಾಯ್ ಚರ್ಚು ಅಂತಲೇ ಕರೆಯುತ್ತಾರೆ (ಅಬ್ಬೆ ಅಂದರೆ ಫ್ರೆಂಚಿನಲ್ಲಿ ಪಾದ್ರಿ). ಕಟ್ಟಿಸಿದ್ದು 1800ರ ಹೊತ್ತಿಗೆ, ಫ್ರೆಂಚ್ ಪಾದ್ರಿ ಜಾನ್ ಆಂಟ್ವಾನ್ ದುಬಾಯ್. ಇವರು ಪ್ಯಾರಿಸ್ಸಿನ ವಿದೇಶೀ ಮಿಷನ್ ಸಂಘಕ್ಕೆ ಸೇರಿದವರು. 1792ರಲ್ಲಿ ಭಾರತಕ್ಕೆ ಬಂದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷ್ ಸೇನಾಧಿಕಾರಿ ವೆಲ್ಲೆಸ್ಲಿಯ ಮಾತಿನ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ಯಾಥೊಲಿಕ್ ಜನರನ್ನು ಮತ್ತೆ ಒಟ್ಟುಗೂಡಿಸಿದರು. ಅಂದರೆ ಅವರು ಬರುವ ಮೊದಲೇ ಇಲ್ಲಿ ಕ್ರೈಸ್ತರಿದ್ದರು. ಇದೇ ನಾನು ಹೇಳಬೇಕಾದ ಮುಖ್ಯ ವಿಷಯ.

ಲೆಯೊನಾರ್ಡೊ ಚಿನ್ನಾಮಿ ಅಂತ ಒಬ್ಬ ಇಟಲಿಯ ಯೇಸುಸಭೆಯ (ಜೆಸ್ಯೂಟ್) ಪಾದ್ರಿ. 1648-49ರ ಹೊತ್ತಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಶುರು ಮಾಡಿದವರು. ಕನ್ನಡ ಕಲಿತು ಕನ್ನಡದಲ್ಲೇ ಬರೆದವರು. ಯೋಚಿಸಿ, ಪಟ್ಟಣಕ್ಕೆ ಇಂಗ್ಲಿಷರು ಬರುವ 150 ವರ್ಷ ಮೊದಲು! ಆದರೆ ಪಟ್ಟಣದ ಕ್ರೈಸ್ತರು ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಇಂಗ್ಲಿಷ್ ಹೆಸರು ಕೆತ್ತಿದ ಕಲ್ಲುಗಳು. ಕಲ್ಲು ಉಳಿದವರದ್ದು ಮಾತ್ರ ಇತಿಹಾಸ ಅಂತಾದರೆ, ಕನ್ನಡ ಮಾತಾಡುತ್ತಾ ಇಲ್ಲೇ ಗೇಯ್ದು ಇಲ್ಲೇ ಮಣ್ಣಾದ ಸಾವಿರಾರು ಜನರ ಗತಿ ಏನು?

ಗೊತ್ತಿರುವವರು ಸೇರಿಸಿ. ಹಾಸನ, ಮಂಗಳೂರು, ಕೊಡಗು ಕಡೆಯವರು ಇದ್ದರೆ ಇನ್ನೂ ಒಳ್ಳೆಯದು.

ಮಂಡ್ಯ ಮೇಷ್ಟ್ರು

ಒಳ್ಳೇ ವಿಷಯ ತೆಗೆದಿರಿ ಸರ್. ಒಂದು ಮಾತು ಸೇರಿಸುತ್ತೇನೆ. ಗಂಜಾಂ ಅಂದರೆ ಆಗ ಸಣ್ಣ ಊರಲ್ಲ, ಶಹರ್ ಗಂಜಾಂ. ದ್ವೀಪದ ಪೂರ್ವ ಭಾಗದಲ್ಲಿ ಟಿಪ್ಪು ಬೆಳೆಸಿದ ಪೇಟೆ. ಶಿರಾ ಕಡೆಯಿಂದ ಕುಟುಂಬಗಳನ್ನು ಕರೆತಂದು ಕೂರಿಸಿದ್ದರು. ಗಂಜಾಂ ಅಂಜೂರ ನಮ್ಮ ಕಡೆ ಎಲ್ಲರಿಗೂ ಗೊತ್ತು. ಟಿಪ್ಪು ಕಾಲದಲ್ಲಿ ಇಡೀ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದರು ಅಂತ, ಕಂಪನಿಗಾಗಿ ಈ ಸೀಮೆ ಸುತ್ತಿ ವರದಿ ಬರೆದ ಬುಕಾನನ್ ಅಂದಾಜು ಮಾಡಿದ್ದ. 1800ರಲ್ಲಿ ಆತ ಬಂದಾಗ ಅದು ಮೂವತ್ತೆರಡು ಸಾವಿರದ ಹತ್ತಿರಕ್ಕೆ ಇಳಿದಿತ್ತು. ರಾಜಧಾನಿ ಮೈಸೂರಿಗೆ ಹೋಯಿತು, ಸೈನಿಕರು ಹೋದರು, ಅವರನ್ನು ನಂಬಿಕೊಂಡ ಕಸುಬಿನವರೂ ಹೋದರು. ದುಬಾಯ್ ಚರ್ಚು ಕಟ್ಟಿದ್ದು ಇಂಥ ಖಾಲಿಯಾಗುತ್ತಿದ್ದ ಊರಲ್ಲಿ. ಜನ ಬಿಟ್ಟು ಹೋಗುತ್ತಿದ್ದ ಕಡೆ ಒಬ್ಬ ಬಂದು ನೆಲೆ ನಿಂತ ಅನ್ನೋದನ್ನ ಗಮನಿಸಬೇಕು.

ಪ್ರಶ್ನೆ ಕೇಳುವವ

ಚದುರಿಹೋಗಿದ್ದ ಜನ ಅಂದಿರಲ್ಲ, ಯಾಕೆ ಚದುರಿದರು ಅಂತ ನೇರವಾಗಿ ಹೇಳಿ. 1784ರ ವಿಷಯ ಬಂದಾಗ ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಾರೆ.

ಕುಡ್ಲದವ

ನಾನು ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್, ನೇರವಾಗಿಯೇ ಹೇಳುತ್ತೇನೆ. 1784ರ ಫೆಬ್ರವರಿ 24, ನಮ್ಮ ಉಪವಾಸ ಕಾಲ ಶುರುವಾಗುವ ವಿಭೂತಿ ಬುಧವಾರದ ಹೊತ್ತು. ಟಿಪ್ಪು ಸುಲ್ತಾನನ ಅಪ್ಪಣೆಯಂತೆ ಕೆನರಾದ, ಅಂದರೆ ನಮ್ಮ ಕರಾವಳಿಯ, ಕ್ಯಾಥೊಲಿಕರನ್ನು ಒಟ್ಟಿಗೇ ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲೇ ತುಂಬಾ ಜನ ಸತ್ತರು. ಕರಾವಳಿಯ ಚರ್ಚುಗಳನ್ನು ಕೆಡವಿದರು. ಸೆರೆಯಲ್ಲಿ ಎಷ್ಟೋ ಜನರನ್ನು ಬಲವಂತದಿಂದ ಮತಾಂತರ ಮಾಡಿದರು, ಗಂಡುಮಕ್ಕಳನ್ನು ಸೈನ್ಯಕ್ಕೆ ಸೇರಿಸಿದರು. ಮಂಗಳೂರು ಯುದ್ಧದಲ್ಲಿ ಇವರು ಇಂಗ್ಲಿಷರಿಗೆ ಸಹಾಯ ಮಾಡಿದರು ಅನ್ನೋದು ಟಿಪ್ಪುವಿನ ಅನುಮಾನ. ಕೆಲವರು ಮಾಡಿರಬಹುದು, ಆದರೆ ಹೊಟ್ಟೆಯಲ್ಲಿದ್ದ ಮಗುವಿಗೂ ಶಿಕ್ಷೆ ಕೊಟ್ಟಿದ್ದಕ್ಕೆ ಅದು ಸಮರ್ಥನೆ ಆಗಲ್ಲ.

ಸಂಖ್ಯೆ ಬಗ್ಗೆ ಜಗಳ ಇದೆ. 60,000 ಅಂತ ಬರೆದವರು ಇದೇ ಅಬ್ಬೆ ದುಬಾಯ್. ಅದೇ ಕಾಲದಲ್ಲಿ ಪಟ್ಟಣದಲ್ಲಿ ಸೆರೆಯಾಗಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷಿನವ 30,000 ಅಂತ ಬರೆದ. ಯಾವುದನ್ನು ಒಪ್ಪಿದರೂ, ನಮ್ಮ ಮನೆಗಳಲ್ಲಿ "ಪಟ್ಟಣದ ಸೆರೆ" ಅಂದರೆ ಈಗಲೂ ದೊಡ್ಡವರ ಧ್ವನಿ ಬದಲಾಗುತ್ತದೆ. 1799ರ ನಂತರ ಉಳಿದವರು ವಾಪಸ್ ಊರಿಗೆ ಬಂದರು. ಎಲ್ಲರೂ ಬರಲಿಲ್ಲ. ಅದಕ್ಕೂ ಮೊದಲೇ ಸೆರೆಯಿಂದ ತಪ್ಪಿಸಿಕೊಂಡ ಕೆಲವರು ಕೊಡಗಿನ ವಿರಾಜಪೇಟೆಯಲ್ಲಿ ನೆಲೆಸಿದ್ದರು. ಅಲ್ಲಿ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟರು, ಸಂತ ಅನ್ನಮ್ಮನ ಚರ್ಚು 1792ರದ್ದು.

ನಾನು ಪಟ್ಟಣಕ್ಕೆ ಬಂದಾಗ ನನ್ನ ಪೂರ್ವಿಕರ ಒಂದು ಗುರುತಾದರೂ ಸಿಗುತ್ತದಾ ಅಂತ ಹುಡುಕಿದೆ. ಗ್ಯಾರಿಸನ್ ಸ್ಮಶಾನದಲ್ಲಿ ಒಂದೊಂದು ಕಲ್ಲನ್ನೂ ಓದಿದೆ. ಅಲ್ಲಿ ನಮ್ಮವರು ಯಾರೂ ಇಲ್ಲ. ಇರೋದಕ್ಕೆ ಸಾಧ್ಯವೂ ಇಲ್ಲ, ಅಲ್ವಾ? ಸೆರೆಯಲ್ಲಿ ಸತ್ತವರಿಗೆ ಕಲ್ಲು ನೆಡುವವರು ಯಾರು. ಹಾಗಾಗಿ "ಕಾವೇರಿ ದಂಡೆ" ಅವರು ಹೇಳಿದ್ದು ನನಗೆ ತುಂಬಾ ತಾಗಿತು.

ಪ್ರಶ್ನೆ ಕೇಳುವವ

ಧನ್ಯವಾದ. ಆದರೆ ಹೈದರ್ ಕಾಲದಲ್ಲಿ ಹೀಗಿರಲಿಲ್ಲ ಅಂತ ಓದಿದ್ದೇನೆ. ಟಿಪ್ಪು ಹತ್ತಿರ ಫ್ರೆಂಚರು ಇದ್ದರಲ್ಲ, ಅವರೂ ಕ್ಯಾಥೊಲಿಕರೇ ತಾನೇ?

ಕಾವೇರಿ ದಂಡೆ

ಹೌದು, ಎರಡೂ ನಿಜ. ಹೈದರ್ ಅಲಿ ಪಾದ್ರಿಗಳ ಜೊತೆ ಚೆನ್ನಾಗಿಯೇ ಇದ್ದರು. ಮಂಗಳೂರು ಹತ್ತಿರ ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಚರ್ಚಿದೆ. ಅಲ್ಲಿನ ಮಿರಾಂಡ ಪಾದ್ರಿಗೆ ಹೈದರ್ ಜೊತೆ ಸ್ನೇಹ ಇತ್ತು, ಅದರಿಂದಲೇ ಆ ಚರ್ಚು 1784ರಲ್ಲಿ ಉಳಿಯಿತು ಅಂತ ಕರಾವಳಿಯವರು ಹೇಳುತ್ತಾರೆ. ತಂಜಾವೂರಿನ ಕಡೆಯ ಪ್ರಾಟೆಸ್ಟೆಂಟ್ ಪಾದ್ರಿ ಶ್ವಾರ್ಟ್ಸ್ 1779ರಲ್ಲಿ ಪಟ್ಟಣಕ್ಕೆ ಬಂದು ಹೈದರ್‌ನನ್ನು ಭೇಟಿ ಮಾಡಿದ್ದರು. ದಂಡಿನಲ್ಲಿದ್ದ ಯುರೋಪಿನ ಸೈನಿಕರಿಗೆ ಆಗ ಪ್ರಾರ್ಥನೆ ನಡೆಸಿದರು. ಟಿಪ್ಪು ಸೈನ್ಯದಲ್ಲಿ ಫ್ರೆಂಚ್ ತುಕಡಿಯೇ ಇತ್ತು. 1797ರಲ್ಲಿ ಅವರು ಪಟ್ಟಣದಲ್ಲಿ ಕ್ರಾಂತಿಕಾರಿಗಳ ಒಂದು ಕ್ಲಬ್ ಕೂಡ ಕಟ್ಟಿಕೊಂಡರು.

ಹಾಗಾಗಿ "ಟಿಪ್ಪು ಕ್ರೈಸ್ತರ ಶತ್ರು" ಅಥವಾ "ಟಿಪ್ಪು ಎಲ್ಲರ ಸ್ನೇಹಿತ" ಅಂತ ಒಂದು ಸಾಲಿನಲ್ಲಿ ಮುಗಿಸೋಕೆ ಆಗಲ್ಲ. ಫ್ರೆಂಚ್ ಸೈನಿಕನಿಗೆ ಸಂಬಳ, ಕೆನರಾದ ರೈತನಿಗೆ ಸೆರೆ. ಒಂದೇ ಊರು, ಒಂದೇ ಧರ್ಮ. ಅನುಭವಿಸಿದವರ ಕಡೆಯಿಂದ ನೋಡಿದರೆ 1784 ಘೋರವೇ. ಅದನ್ನು ಕಡಿಮೆ ಮಾಡಿ ಹೇಳೋದೂ ಬೇಡ, ಇವತ್ತಿನ ಜಗಳಕ್ಕೆ ಕಲ್ಲು ಮಾಡಿ ಎಸೆಯೋದೂ ಬೇಡ. ಈ ಚರ್ಚೆ ಆ ಕಡೆ ಹೋಗದಿರಲಿ ಅಂತ ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಹಾಸನದ ಮಗಳು

ನಾವು ಹಾಸನ ಕಡೆಯ ಕನ್ನಡ ಕ್ಯಾಥೊಲಿಕರು. ನಿಮ್ಮ ಬರಹ ನೋಡಿ ಖುಷಿಯಾಯಿತು, ಯಾಕೆಂದರೆ ನಮ್ಮನ್ನು ಕಂಡವರೆಲ್ಲ "ನೀವು ಮಂಗಳೂರಿನವರಾ, ಗೋವಾದವರಾ" ಅಂತಲೇ ಕೇಳುತ್ತಾರೆ. ಅಲ್ಲ, ನಮ್ಮ ಮನೆ ಮಾತು ಕನ್ನಡ, ಅಜ್ಜಿ ಜಪಸರ ಹೇಳುತ್ತಿದ್ದದ್ದು ಕನ್ನಡದಲ್ಲಿ, ಚರ್ಚಿಗೆ ನಾವು ದೇವಾಲಯ ಅಂತೀವಿ, ಪಾದ್ರಿಗೆ ಸ್ವಾಮಿಯವರು ಅಂತೀವಿ.

ಅಬ್ಬೆ ದುಬಾಯ್ ಹೆಸರು ನಮ್ಮ ಕಡೆಗೂ ಬರುತ್ತದೆ. ಅವರನ್ನು ಜನ "ದೊಡ್ಡ ಸ್ವಾಮಿಯವರು" ಅನ್ನುತ್ತಿದ್ದರು. ಹಾಸನ ಹತ್ತಿರದ ಸಾತಳ್ಳಿಯಲ್ಲಿ ಅವರು ಬೇಸಾಯದ ನೆಲೆ ಮಾಡಿ, ದಿಕ್ಕಿಲ್ಲದ ಕುಟುಂಬಗಳಿಗೆ ಭೂಮಿ ಕೊಡಿಸಿದರು. ಯುದ್ಧದಿಂದ ಯುದ್ಧಕ್ಕೆ ಓಡಿ ಎಲ್ಲ ಕಳೆದುಕೊಂಡ ಜನರಿಗೆ ಬರೀ ಪ್ರಾರ್ಥನೆ ಸಾಲದು, ಉಳೋಕೆ ನೆಲ ಬೇಕು ಅಂತ ಅವರಿಗೆ ಅರ್ಥವಾಗಿತ್ತು. ನನ್ನ ಪ್ರಕಾರ ಅವರು ಮಾಡಿದ ಕೆಲಸಗಳಲ್ಲಿ ಇದೇ ದೊಡ್ಡದು. ಗಂಜಾಂ ಚರ್ಚಿನ ಗೋಡೆ ನೋಡೋಕೆ ಹೋಗುವವರು ಸಾತಳ್ಳಿ ಕಡೆಗೂ ಬರಬೇಕು.

ಇನ್ನು ಹೊಳೆ ದಂಡೆಯ ಚರ್ಚು ಅಂದರೆ ನಮಗೆ ಮೊದಲು ನೆನಪಾಗೋದು ಹೇಮಾವತಿಯ ಶೆಟ್ಟಿಹಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಜಪಮಾಲೆ ಮಾತೆಯ ದೇವಾಲಯ. ಗೊರೂರು ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಊರು ಬಿಡಬೇಕಾಯಿತು. ಮಳೆಗಾಲದಲ್ಲಿ ಅಣೆಕಟ್ಟು ತುಂಬಿ 2922 ಅಡಿ ಹತ್ತಿರ ಬಂದರೆ ದೇವಾಲಯ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮತ್ತೆ ಪೂರ್ತಿ ಕಾಣುತ್ತದೆ. ಜನ ಅದನ್ನು ತೇಲುವ ಚರ್ಚು ಅಂತ ಕರೆದು ಪ್ರೀ-ವೆಡ್ಡಿಂಗ್ ಶೂಟಿಂಗ್ ಮಾಡುತ್ತಾರೆ. ನನಗೆ ಅದು ತುಂಬಾ ನೋವು ಕೊಡುತ್ತದೆ. ಅಲ್ಲಿ ಪೂಜೆ ಕೇಳಿದವರು, ಅಲ್ಲಿ ಜ್ಞಾನಸ್ನಾನ (ಬ್ಯಾಪ್ಟಿಸಂ) ಆದವರು ಈಗಲೂ ಸುತ್ತಮುತ್ತ ಬದುಕಿದ್ದಾರೆ. ಅದು ಅವರ ಊರಿನ ದೇವಾಲಯ. ಗೋಡೆ ಹತ್ತಿ ನಿಲ್ಲೋದು, ಹೆಸರು ಕೆತ್ತೋದು, ಬಾಟಲಿ ಬಿಸಾಡೋದು ಇದೆಲ್ಲ ಬೇಡ.

ಮಂಡ್ಯ ಮೇಷ್ಟ್ರು

ತಂಗಿ, ಶೆಟ್ಟಿಹಳ್ಳಿ ಬಗ್ಗೆ ಬೇರೆಯೇ ಒಂದು ಚರ್ಚೆ ಶುರು ಮಾಡಿ, ಖಂಡಿತ ಬರುತ್ತೇವೆ. 1860ರ ದಶಕ ಅಂದರೆ ಮೈಸೂರು ಸೀಮೆಯ ಕ್ಯಾಥೊಲಿಕ್ ಸಭೆಗೆ ಶಾರ್ಬೊನೊ ಮುಖ್ಯಸ್ಥರಾಗಿದ್ದ ಕಾಲ, ಅವರೂ ಅದೇ ಪ್ಯಾರಿಸ್ ಸಂಘದವರು. ದುಬಾಯ್ ಹಾಕಿದ ಬುನಾದಿ ಮೇಲೆ ಅವರು ಕಟ್ಟಿದರು.

ಆರೋಗ್ಯ ಕೇಂದ್ರದ ಅಕ್ಕ

ಅಬ್ಬೆ ದುಬಾಯ್ ಅಂದರೆ ಸಿಡುಬಿನ ಲಸಿಕೆ ಹಾಕಿಸಿದವರು ತಾನೇ? ನಮಗೆ ತರಬೇತಿಯಲ್ಲಿ ಒಬ್ಬರು ಹೇಳಿದ್ದರು. ಅದರ ಬಗ್ಗೆ ಗೊತ್ತಿದ್ದರೆ ಬರೆಯಿರಿ.

ಕಾವೇರಿ ದಂಡೆ

ಅವರೇ ಅಕ್ಕ. ಇದು ನನಗೆ ಇಷ್ಟವಾದ ಭಾಗ, ಸ್ವಲ್ಪ ಉದ್ದವಾಗಬಹುದು.

ಜೆನ್ನರ್ ಕಂಡುಹಿಡಿದ ಗೋಸಿಡುಬಿನ ಲಸಿಕೆ ಭಾರತಕ್ಕೆ ತಲುಪಿದ್ದು 1802ರ ಜೂನ್‌ನಲ್ಲಿ, ಮುಂಬಯಿಗೆ. ಆಗ ಶೀಶೆಯಲ್ಲಿ ತಂದು ಇಡೋ ವ್ಯವಸ್ಥೆ ಇರಲಿಲ್ಲ. ಒಬ್ಬರ ತೋಳಿನ ಗುಳ್ಳೆಯಿಂದ ಕೀವು ತೆಗೆದು ಇನ್ನೊಬ್ಬರ ತೋಳಿಗೆ ಹಾಕಬೇಕು, ಎಂಟು ದಿನದ ಆಸುಪಾಸು ಅವರಿಂದ ಮತ್ತೊಬ್ಬರಿಗೆ. ಸರಪಳಿ ಒಂದು ಕಡೆ ಕಡಿದರೆ ಮುಗಿಯಿತು. ಈಗ ನಮ್ಮ ಸಮಾಜದಲ್ಲಿ ಇದು ಎಷ್ಟು ಕಷ್ಟ ನೋಡಿ. ಯಾರ ಮೈಯಿಂದ ತೆಗೆದದ್ದು, ಯಾವ ಜಾತಿ, ಹಸುವಿನ ರೋಗ ಮನುಷ್ಯನಿಗೆ ಯಾಕೆ, ಅಮ್ಮ ಮುನಿದರೆ ಏನು ಗತಿ. ಈ ಎಲ್ಲ ಭಯದ ನಡುವೆ 1803-04ರಲ್ಲಿ ದುಬಾಯ್ ಮತ್ತು ಅವರ ಜೊತೆಯವರು ಮೈಸೂರು ಸೀಮೆಯಲ್ಲಿ ಇಪ್ಪತ್ತೈದು ಸಾವಿರಕ್ಕೂ ಜಾಸ್ತಿ ಜನರಿಗೆ ಲಸಿಕೆ ಹಾಕಿ ಲೆಕ್ಕ ಬರೆದಿಟ್ಟರು.

ಹೇಗೆ ಸಾಧ್ಯವಾಯಿತು? ಒಂದು ಕಾರಣ ಅವರು ಬದುಕಿದ ರೀತಿ ಅಂತ ನನಗನ್ನಿಸುತ್ತದೆ. ಅವರು ದೇಶೀ ಉಡುಪು ಹಾಕಿ, ತಲೆಗೆ ರುಮಾಲು ಸುತ್ತಿ, ನಮ್ಮ ಊಟ ಮಾಡಿಕೊಂಡು, ಊರಿಂದ ಊರಿಗೆ ನಡೆದವರು. ಜನ ಅವರನ್ನು ನಂಬಿದರು. ಇನ್ನೊಂದು ಕಾರಣ ಅರಮನೆ. ಆಗ ಮುಮ್ಮಡಿ ಕೃಷ್ಣರಾಜರು ಇನ್ನೂ ಹುಡುಗ, ದಿವಾನ್ ಪೂರ್ಣಯ್ಯ ಆಡಳಿತ ನೋಡುತ್ತಿದ್ದರು, ರಾಜಮನೆತನದ ಹೆಂಗಸರೇ ಲಸಿಕೆಗೆ ಬೆಂಬಲ ಕೊಟ್ಟರು. 1805ರ ಹೊತ್ತಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಮೈಸೂರಿನ ಮೂವರು ರಾಣಿಯರ ಚಿತ್ರ ಬರೆದಿದ್ದಾನೆ. ಅದರಲ್ಲಿ ಒಬ್ಬರು ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ಜಾಗ ತೋರಿಸುವಂತಿದೆ ಅಂತ ಇತಿಹಾಸಕಾರರು ಹೇಳುತ್ತಾರೆ. ಅರಮನೆಯ ರಾಣಿ ಹಾಕಿಸಿಕೊಂಡರೆ ಊರಿನ ಹೆಂಗಸಿಗೆ ಧೈರ್ಯ ಬರುತ್ತದೆ.

ಒಬ್ಬ ಫ್ರೆಂಚ್ ಪಾದ್ರಿ, ಒಬ್ಬ ಬ್ರಾಹ್ಮಣ ದಿವಾನ, ಅರಮನೆಯ ಹೆಂಗಸರು, ಕಂಪನಿಯ ವೈದ್ಯರು, ಇಷ್ಟು ಜನ ಒಂದು ಕೆಲಸಕ್ಕೆ ಸೇರಿದ್ದು ಇದೇ ಸೀಮೆಯಲ್ಲಿ. ಶಾಲೆಯಲ್ಲಿ ನಮಗೆ ಇದನ್ನು ಯಾಕೆ ಹೇಳಿಕೊಡಲಿಲ್ಲ?

ಆರೋಗ್ಯ ಕೇಂದ್ರದ ಅಕ್ಕ

ತುಂಬಾ ಧನ್ಯವಾದ ಅಣ್ಣ. ಮನೆ ಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸೋ ಕೆಲಸ ನಮಗೆ ಗೊತ್ತು. ಇದನ್ನು ನಮ್ಮ ಗುಂಪಿಗೆ ಕಳಿಸುತ್ತೇನೆ.

ಓದುವ ಹುಚ್ಚ

ಒಂದು ಆಕ್ಷೇಪ. ದುಬಾಯ್ ಅವರನ್ನು ಇಷ್ಟು ಹೊಗಳುವಾಗ ಅವರ ಪುಸ್ತಕದ ವಿಷಯ ಬಿಡಬಾರದು. ಹಿಂದೂಗಳ ಆಚಾರ ವಿಚಾರದ ಬಗ್ಗೆ ಬರೆದ ಆ ದೊಡ್ಡ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ, ಮಾರ್ಕ್ ವಿಲ್ಕ್ಸ್ ಮೆಚ್ಚಿ ಮೇಲಕ್ಕೆ ಕಳಿಸಿದ. ಮದ್ರಾಸಿನ ಗವರ್ನರ್ ಬೆಂಟಿಂಕ್ ಕಾಲದಲ್ಲಿ ಕಂಪನಿ ಅದನ್ನು 2000 ಸ್ಟಾರ್ ಪಗೋಡ (ಆಗಿನ ಚಿನ್ನದ ನಾಣ್ಯ) ಕೊಟ್ಟು ಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿಗೆ ಬಂತು. ನಮ್ಮನ್ನು ಆಳುವುದಕ್ಕೆ ಕಂಪನಿ ಅಧಿಕಾರಿಗಳು ಕೈಪಿಡಿ ಮಾಡಿಕೊಂಡ ಪುಸ್ತಕ ಅದು. ನಮ್ಮ ಜನರ ಬಗ್ಗೆ ತುಂಬಾ ಕಡೆ ತಾತ್ಸಾರದ ಮಾತುಗಳಿವೆ. ಸಾಲದ್ದಕ್ಕೆ, ಅದರ ದೊಡ್ಡ ಭಾಗ ಅವರದ್ದಲ್ಲ, ಪುದುಚೇರಿಯ ಕಡೆ ಇದ್ದ ಕೆರ್ದು ಎಂಬ ಯೇಸುಸಭೆಯ ಪಾದ್ರಿ ಅದಕ್ಕೂ ಮೊದಲೇ ಬರೆದದ್ದು ಅಂತ ಸಿಲ್ವಿಯಾ ಮೂರ್ ಎಂಬ ಫ್ರೆಂಚ್ ವಿದ್ವಾಂಸೆ ತೋರಿಸಿಕೊಟ್ಟಿದ್ದಾರೆ.

ಕಾವೇರಿ ದಂಡೆ

ನಿಮ್ಮ ಮಾತು ನ್ಯಾಯವಾದದ್ದೇ. ಕೆರ್ದು ವಿಷಯವನ್ನು ವಿದ್ವಾಂಸರು ಹೆಚ್ಚುಕಡಿಮೆ ಒಪ್ಪಿದ್ದಾರೆ. ತಾತ್ಸಾರದ ಸಾಲುಗಳನ್ನು ನಾನೂ ಓದಿದ್ದೇನೆ, ಸಮರ್ಥಿಸಲ್ಲ. ಆದರೆ ಪುಸ್ತಕ ಬರೆದ ದುಬಾಯ್ ಬೇರೆ, ಸಾತಳ್ಳಿಯಲ್ಲಿ ರೈತರಿಗೆ ನೆಲ ಕೊಡಿಸಿದ ದುಬಾಯ್ ಬೇರೆ ಅನ್ನಿಸುವಷ್ಟು ವ್ಯತ್ಯಾಸ ಇದೆ. ಎರಡನ್ನೂ ಎದುರಿಗೆ ಇಟ್ಟುಕೊಂಡೇ ಅವರನ್ನು ಅಳೆಯಬೇಕು. ಇನ್ನೊಂದು ವಿಚಿತ್ರ, 1823ರಲ್ಲಿ ಭಾರತ ಬಿಟ್ಟು ಹೋದವರು ಅದೇ ವರ್ಷ ಪ್ರಕಟಿಸಿದ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಅಂತ ಬಿಚ್ಚಿ ಬರೆದರು. ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ಮಿಷನರಿಗಳು ಇದಕ್ಕೆ ಸಿಟ್ಟಾಗಿ ಉತ್ತರ ಬರೆದರು. ಮೂವತ್ತು ವರ್ಷ ಇಲ್ಲಿ ದುಡಿದ ಪಾದ್ರಿಯೊಬ್ಬ ಹೀಗೆ ಬರೆಯೋಕೆ ಎದೆಗಾರಿಕೆ ಬೇಕು.

ಆಮೇಲೆ ಅವರು ಪ್ಯಾರಿಸ್ಸಿನಲ್ಲಿ ತಮ್ಮ ಸಂಘದ ಮುಖ್ಯಸ್ಥರಾಗಿ, 1848ರಲ್ಲಿ ಅಲ್ಲೇ ತೀರಿಕೊಂಡರು. ಅಂದರೆ ಗಂಜಾಂನಲ್ಲಾಗಲಿ ಕಾವೇರಿ ದಂಡೆಯ ಸ್ಮಶಾನದಲ್ಲಾಗಲಿ ಅವರ ಸಮಾಧಿ ಇಲ್ಲ. ಗ್ಯಾರಿಸನ್ ಸ್ಮಶಾನದ ಯಾವುದೋ ಎತ್ತರದ ಕಂಬ ತೋರಿಸಿ "ಇದೇ ಅಬ್ಬೆ ದುಬಾಯ್ ಸಮಾಧಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಬೈಕ್ ಸವಾರ

ಸ್ವಿಟ್ಜರ್ಲೆಂಡ್ ಕಥೆ ಹೇಳುತ್ತೇನೆ ಅಂದಿದ್ದಿರಿ. ಮತ್ತೆ ಸ್ಕಾಟ್ ಬಂಗಲೆ ದೆವ್ವದ ಕಥೆ ನಿಜವಾ?

ಕಾವೇರಿ ದಂಡೆ

ಸ್ವಿಸ್ ಕಥೆ ಹೀಗೆ. ದ ಮ್ಯೂರೋನ್ ರೆಜಿಮೆಂಟು 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಬಾಡಿಗೆ ಸೈನ್ಯ. ಕಟ್ಟಿದವರು ನ್ಯೂಶಾಟೆಲ್ ಊರಿನ ಶಾರ್ಲ್ ದಾನಿಯೆಲ್ ದ ಮ್ಯೂರೋನ್. 1795ರಲ್ಲಿ ಅದು ಸಿಲೋನಿನಲ್ಲಿ ಡಚ್ಚರ ಕೋಟೆ ಕಾಯುತ್ತಿತ್ತು. ಇಂಗ್ಲಿಷರು ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್ಲೆಂಡಿನ ಪ್ರೊಫೆಸರನ್ನು ನೇರ ಮ್ಯೂರೋನ್ ಹತ್ತಿರ ಕಳಿಸಿ, ಇಡೀ ರೆಜಿಮೆಂಟನ್ನೇ ತಮ್ಮ ಕಡೆ ತಿರುಗಿಸಿಕೊಂಡರು. ಆ ಸುದ್ದಿಯನ್ನು ಚೀಸ್ ಗಡ್ಡೆಯೊಳಗೆ ಬಚ್ಚಿಟ್ಟು ಕೋಟೆಯೊಳಕ್ಕೆ ಕಳಿಸಿದರು ಅಂತ ಕಥೆ ಇದೆ. ನಾಲ್ಕು ವರ್ಷಕ್ಕೆ ಅದೇ ಸೈನಿಕರು ಶ್ರೀರಂಗಪಟ್ಟಣದ ಕೋಟೆ ಮುಂದೆ ಇದ್ದರು. ಯುದ್ಧದ ನಂತರವೂ ಕೆಲವು ವರ್ಷ ಇಲ್ಲೇ ಉಳಿದರು, ಜ್ವರದಿಂದ ಸತ್ತರು. ಉಳಿದವರು ಆಮೇಲೆ ಕೆನಡಾದವರೆಗೂ ಹೋದರು, 1816ರಲ್ಲಿ ರೆಜಿಮೆಂಟು ಮುಚ್ಚಿತು. ಈಗ ಸ್ಮಶಾನ ಇಷ್ಟು ಚೊಕ್ಕಟವಾಗಿರೋದಕ್ಕೆ ಕಾರಣ ಆ ಮನೆತನದವರೇ ಬಂದು ಜೀರ್ಣೋದ್ಧಾರ ಮಾಡಿಸಿದ್ದು. ಸಂತೋಷವೇ. ಅವರ ಹಿರಿಯರಿಗೆ ಅವರು ಮಾಡಿದರು. ನಮ್ಮ ಹಿರಿಯರಿಗೆ ನಾವೇನು ಮಾಡಿದೆವು ಅನ್ನೋದು ನನ್ನ ಪ್ರಶ್ನೆ.

ಇಷ್ಟು ಜನ ಸತ್ತದ್ದು ಬರೀ ಯುದ್ಧದಿಂದಲ್ಲ. ಸುತ್ತ ಹೊಳೆ, ನಾಲೆ, ಗದ್ದೆ. ಮಲೇರಿಯಾ. ಸೊಳ್ಳೆಯಿಂದ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ, ಕೆಟ್ಟ ಗಾಳಿ ಅಂದುಕೊಂಡಿದ್ದರು. ಅದನ್ನು ತಾಳಲಾರದೆ ಕಂಪನಿ 1809ರ ಹೊತ್ತಿಗೆ ದಂಡನ್ನು ಬೆಂಗಳೂರಿಗೆ ಸಾಗಿಸಿತು. ಬೆಂಗಳೂರು ಕಂಟೋನ್ಮೆಂಟ್ ಹುಟ್ಟಿದ್ದು ಹೀಗೆ.

ಸ್ಕಾಟ್ ಬಂಗಲೆ ವಿಷಯ. ಕರ್ನಲ್ ಸ್ಕಾಟ್ ಇಲ್ಲಿನ ಫಿರಂಗಿ ಗಾಡಿ ಕಾರ್ಖಾನೆಗೆ ಮುಖ್ಯಸ್ಥನಾಗಿದ್ದ. ಹೆಂಡತಿ ಮಕ್ಕಳು ಕಾಲರಾಕ್ಕೆ ಒಂದೇ ದಿನ ಸತ್ತರು, ಆತ ಹೊಳೆಗೆ ಹಾರಿದ, ಮನೆಯನ್ನು ಹಾಗೇ ಬಿಟ್ಟರು ಅನ್ನೋದು ಕಥೆ. ಹೆಂಡತಿ ಸತ್ತದ್ದು ನಿಜ, ಆಕೆಯ ಸಮಾಧಿ ಇದೇ ಸ್ಮಶಾನದಲ್ಲಿದೆ. ಸ್ಕಾಟ್ ಹೊಳೆಗೆ ಹಾರಲಿಲ್ಲ, ಕೆಲಸ ಮುಗಿಸಿ ತನ್ನ ದೇಶಕ್ಕೆ ಹೋದ. ಇಂಗ್ಲಿಷಿನಲ್ಲಿ ಒಂದು ಪದ್ಯ ಬಂದು ಕಥೆ ಬೆಳೆಯಿತು. ಬಾಣಂತನದಲ್ಲಿ, ಜ್ವರದಲ್ಲಿ ಸತ್ತ ಹೆಂಗಸರ, ಎಳೇ ಮಕ್ಕಳ ಕಲ್ಲುಗಳೇ ಅಲ್ಲಿ ಸಾಲು ಸಾಲಾಗಿವೆ. ದೆವ್ವ ನೋಡೋಕೆ ಅಂತ ರಾತ್ರಿ ಗೇಟು ಹಾರಿ ಹೋಗಬೇಡಿ.

ಕುಡ್ಲದವ

ಹಾಗಾದರೆ ಕಲ್ಲಿಲ್ಲದ ನಮ್ಮವರನ್ನು ಹುಡುಕೋದು ಎಲ್ಲಿ? ಯಾರಾದರೂ ದಾರಿ ಹೇಳಿ.

ಹಾಸನದ ಮಗಳು

ರಿಜಿಸ್ಟರ್. ಹಳೇ ವಿಚಾರಣೆಗಳಲ್ಲಿ (ಒಂದು ಚರ್ಚಿಗೆ ಸೇರಿದ ಊರುಗಳಿಗೆ ನಾವು ವಿಚಾರಣೆ ಅಂತೀವಿ) ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳು ಇರುತ್ತವೆ. ನಮ್ಮ ಮನೆಯ ಮುತ್ತಜ್ಜಿಯ ಹೆಸರು ನಮಗೆ ಸಿಕ್ಕಿದ್ದು ಹಾಗೇ. ನಮ್ಮ ಕಡೆ ಬಡವರ ಸಮಾಧಿ ಅಂದರೆ ಮಣ್ಣಿನ ದಿಬ್ಬ, ಮೇಲೊಂದು ಮರದ ಶಿಲುಬೆ. ನವೆಂಬರ್ 2ರಂದು ಸತ್ತವರನ್ನು ನೆನೆಯುವ ಕಲ್ಲರೆ ಹಬ್ಬಕ್ಕೆ ಹೋಗಿ ಮಣ್ಣು ಸರಿ ಮಾಡಿ, ಹೂವು ಇಟ್ಟು, ಮೇಣದಬತ್ತಿ ಹಚ್ಚಿ ಬರುತ್ತೇವೆ. ನೋಡಿಕೊಳ್ಳುವವರು ಊರು ಬಿಟ್ಟರೆ ಎರಡು ಮಳೆಗೆ ದಿಬ್ಬ ನೆಲಸಮ. ಅದೇ ಜಾಗದಲ್ಲಿ ಮುಂದೆ ಇನ್ನೊಬ್ಬರನ್ನು ಹೂಳುತ್ತಾರೆ. ಹಾಗಾಗಿ ನೆಲದ ಮೇಲೆ ಹುಡುಕಿದರೆ ಸಿಗಲ್ಲ, ಪುಸ್ತಕದಲ್ಲೇ ಹುಡುಕಬೇಕು.

ಮಂಡ್ಯ ಮೇಷ್ಟ್ರು

ಸರಿಯಾಗಿ ಹೇಳಿದೆ ತಂಗಿ. ಆ ಪುಸ್ತಕ ಓದುವವರಿಗೆ ಒಂದು ಸೂಚನೆ. ಬರೆದಿರೋದು ಹೆಚ್ಚಾಗಿ ಲ್ಯಾಟಿನ್‌ನಲ್ಲಿ. ಹೆಸರೂ ಲ್ಯಾಟಿನ್ ರೂಪದಲ್ಲಿ ಇರುತ್ತದೆ. ಮನೆಯಲ್ಲಿ ಚೌರಪ್ಪ ಅಂತ ಕರೆಯುತ್ತಿದ್ದವನು ಅಲ್ಲಿ ಕ್ಸಾವೇರಿಯುಸ್, ರಾಯಪ್ಪ ಅಂದರೆ ಪೇತ್ರುಸ್, ಚಿನ್ನಪ್ಪ ಅಂದರೆ ಪೌಲುಸ್, ಇನ್ನಾಸಪ್ಪ ಅಂದರೆ ಇಗ್ನಾತಿಯುಸ್. ಇದು ತಿಳಿಯದೆ ಎಷ್ಟೋ ಜನ ಪುಟ ತಿರುವಿ ಬರಿಗೈಯಲ್ಲಿ ಬರುತ್ತಾರೆ. ಜ್ಞಾನಪಿತೃ, ಜ್ಞಾನಮಾತೆ, ಅಂದರೆ ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವರ ಹೆಸರನ್ನೂ ಬರೆದುಕೊಳ್ಳಿ, ಅದರಿಂದ ಕುಟುಂಬಗಳ ನಂಟು ಗೊತ್ತಾಗುತ್ತದೆ.

ಇನ್ನು ಪಾದ್ರಿಗಳ ಪತ್ರಗಳು ಪ್ಯಾರಿಸ್ ಸಂಘದ ದಾಖಲೆ ಮನೆಯಲ್ಲಿವೆ. ಯೇಸುಸಭೆಯವರ 1600, 1700ರ ಕಾಲದ ವಾರ್ಷಿಕ ಪತ್ರಗಳು ರೋಮ್‌ನಲ್ಲಿವೆ. ಅವುಗಳಲ್ಲಿ ಮೈಸೂರು ಸೀಮೆಯ ಹಳ್ಳಿಗಳ ಹೆಸರು ಬರುತ್ತದೆ. ದಂಡಿನ ಇಂಗ್ಲಿಷರ ಮರಣ ದಾಖಲೆ ಬೇಕಾದವರಿಗೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ಕಡತಗಳಲ್ಲಿ ಮದ್ರಾಸ್ ವಿಭಾಗ ನೋಡಬೇಕು.

ಬೈಕ್ ಸವಾರ

ನಾನು ಪಟ್ಟಣಕ್ಕೆ ಹತ್ತಿರ ಇದ್ದೇನೆ, ಕ್ಯಾಮೆರಾ ಇದೆ. ಏನಾದರೂ ಸಹಾಯ ಮಾಡಬಹುದಾ?

ಕಾವೇರಿ ದಂಡೆ

ಖಂಡಿತ. ಗಂಜಾಂ ಚರ್ಚಿನಿಂದ ಶುರು ಮಾಡಿ. ಮೊದಲು ಅಲ್ಲಿನ ಸ್ವಾಮಿಯವರನ್ನು ಕಂಡು ಅನುಮತಿ ಕೇಳಿ, ಪೂಜೆ ಸಮಯದಲ್ಲಿ ಬೇಡ. ಒಳಗೂ ಹೊರಗೂ ಬರಹ ಇರುವ ಯಾವ ಕಲ್ಲು, ಫಲಕ, ಗಂಟೆ ಕಂಡರೂ ಫೋಟೋ ತೆಗೆಯಿರಿ. ಕನ್ನಡ, ತಮಿಳು, ಲ್ಯಾಟಿನ್, ಯಾವುದಾದರೂ ಸರಿ.

ಅಕ್ಷರ ಸವೆದ ಕಲ್ಲಿಗೆ ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆ ಬಿಸಿಲು ಬಿದ್ದರೆ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಮಧ್ಯಾಹ್ನವಾದರೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಸುಣ್ಣ, ಸೀಮೆಸುಣ್ಣ, ಅರಿಶಿನ ಏನನ್ನೂ ಬಳಿಯಬೇಡಿ, ತಂತಿ ಬ್ರಶ್ಶಿನಲ್ಲಿ ಉಜ್ಜಬೇಡಿ, ಗಾರೆ ಕೆಲಸ ಉದುರುತ್ತದೆ. ಪಾಚಿ ಇದ್ದರೆ ಹಾಗೇ ಬಿಡಿ. ಒಂದು ಫೋಟೋ ಹತ್ತಿರದಿಂದ, ಒಂದು ದೂರದಿಂದ ಇರಲಿ, ಯಾವ ಕಲ್ಲು ಎಲ್ಲಿದೆ ಅಂತ ಆಮೇಲೆ ತಿಳಿಯಬೇಕಲ್ಲ.

ಅದಕ್ಕಿಂತ ಮುಖ್ಯವಾದದ್ದು, ಅಲ್ಲಿ ಪೂಜೆಗೆ ಬರುವ ವಯಸ್ಸಾದವರ ಜೊತೆ ಕೂತು ಮಾತಾಡಿ. ಅವರ ಅಜ್ಜ ಅಜ್ಜಿಯ ಹೆಸರೇನು, ಯಾವ ಊರಿಂದ ಬಂದರು, ಎಲ್ಲಿ ಮಣ್ಣು ಮಾಡಿದರು ಅಂತ ಕೇಳಿ. ಅವರು ಒಪ್ಪಿದರೆ ಮಾತ್ರ ರೆಕಾರ್ಡ್ ಮಾಡಿ. ಹೆಸರುಗಳನ್ನು ಇಲ್ಲಿ ಹಾಕಬೇಡಿ, ನನಗೆ ಖಾಸಗಿಯಾಗಿ ಕಳಿಸಿ. ಮೇಷ್ಟ್ರು ರಿಜಿಸ್ಟರ್ ಜೊತೆ ಹೋಲಿಸಿ ನೋಡೋದಕ್ಕೆ ಒಪ್ಪಿದರೆ ಕೆಲಸ ಸಲೀಸು.

ಮಂಡ್ಯ ಮೇಷ್ಟ್ರು

ಒಪ್ಪಿದ್ದೇನೆ. ಲ್ಯಾಟಿನ್ ಓದೋಕೆ ಗೊತ್ತಿರುವ ಒಬ್ಬ ನಿವೃತ್ತ ಸ್ವಾಮಿಯವರು ನನಗೆ ಪರಿಚಯ, ಅವರನ್ನೂ ಕೇಳುತ್ತೇನೆ.

ಕುಡ್ಲದವ

ಕರಾವಳಿ ಕಡೆಯ ಹೆಸರುಗಳು ಬಂದರೆ ನನಗೆ ತಿಳಿಸಿ. ಮನೆತನಗಳ ಪಟ್ಟಿ ನಮ್ಮಲ್ಲಿ ಇದೆ, ತಾಳೆ ನೋಡಬಹುದು.

ಬೈಕ್ ಸವಾರ

ಈ ಭಾನುವಾರ ಪೂಜೆ ಮುಗಿದ ಮೇಲೆ ಹೋಗುತ್ತೇನೆ ಅಣ್ಣ. ಹಾಸನದ ಅಕ್ಕ, ಸಾತಳ್ಳಿಗೆ ಹೋಗೋ ದಾರಿಯನ್ನೂ ಕಳಿಸಿ.